ಎಂ.ಟೆಕ್ ಪ್ರಬಂಧಕ್ಕಾಗಿ ಹೊಲದಲ್ಲಿ ನೀರು ಇಂಗುವ ವೇಗ ಅಳೆಯುವುದು

ಮಣ್ಣು ಮತ್ತು ನೀರು ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಮಾಡುವವರ ಕೈಗೆ ಜೋಡಿ ಉಂಗುರದ ಇನ್‌ಫಿಲ್ಟ್ರೋಮೀಟರ್ (ಒಂದರೊಳಗೊಂದು ಇಟ್ಟ ಎರಡು ಉಂಗುರಗಳಿಂದ ನೀರು ಇಂಗುವ ವೇಗ ಅಳೆಯುವ ಸಾಧನ) ಬಂದೇ ಬರುತ್ತದೆ. ಒಳ ಉಂಗುರದ ವ್ಯಾಸ 30 ಸೆಂ.ಮೀ., ಹೊರಗಿನದು 60.

ಟ್ರ್ಯಾಕ್ಟರ್ ಓಡಾಡಿ ಗಟ್ಟಿಯಾದ ಜಾಗ ಬೇಡ. ಉಂಗುರದ ಮೇಲೆ ಹಲಗೆ ಇಟ್ಟು ಸುತ್ತಲೂ ಸಮನಾಗಿ ಬಡಿದು 10 ಸೆಂ.ಮೀ. ಇಳಿಸಿ. ಒಂದೇ ಕಡೆ ಹೊಡೆದರೆ ಮಣ್ಣು ಬಿರಿದು ಅಂಚಿನಲ್ಲಿ ನೀರು ಸೋರುತ್ತದೆ. ಗೋಣಿಚೀಲ ಹಾಸಿ ಅದರ ಮೇಲೆ ನೀರು ಸುರಿಯಿರಿ. ಇಲ್ಲದಿದ್ದರೆ ಮೇಲ್ಮಣ್ಣು ಕದಡಿ ರಂಧ್ರಗಳು ಮುಚ್ಚುತ್ತವೆ. ಎರಡೂ ಉಂಗುರಗಳಲ್ಲಿ ಮಟ್ಟ ಒಂದೇ ಇರಲಿ, ಒಳಗಿನ ನೀರು ಪಕ್ಕಕ್ಕೆ ಹರಡದಂತೆ ತಡೆಯುವುದೇ ಹೊರಗಿನ ನೀರಿನ ಕೆಲಸ. 10 ಸೆಂ.ಮೀ. ತುಂಬಲು ಸುಮಾರು 28 ಲೀಟರ್ ಬೇಕು. ಇಂಗಿದಂತೆಲ್ಲ ಮತ್ತೆ ತುಂಬಬೇಕಾದ್ದರಿಂದ 200 ಲೀಟರಿನ ಡ್ರಮ್ಮು ಒಯ್ಯುವುದು ಲೇಸು.

ರೀಡಿಂಗ್ ಒಳ ಉಂಗುರದ್ದು ಮಾತ್ರ: ಮೊದಲು 5 ನಿಮಿಷಕ್ಕೊಮ್ಮೆ, ಆಮೇಲೆ 10, 20. ಹತ್ತು ನಿಮಿಷದಲ್ಲಿ 5 ಮಿ.ಮೀ. ಇಳಿದರೆ ಗಂಟೆಗೆ 30 ಮಿ.ಮೀ.

ಎರೆಮಣ್ಣಿನಲ್ಲಿ ಮೊದಮೊದಲ ವೇಗವನ್ನು ಖಂಡಿತ ನಂಬಬೇಡಿ, ಅದು ಬೇಸಿಗೆಯ ಬಿರುಕುಗಳಿಗೆ ಇಳಿದ ನೀರು. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ವೇಗ ತೀರಾ ಕುಸಿಯುತ್ತದೆ. ಸತತ ಮೂರು ರೀಡಿಂಗ್ ಒಂದೇ ಬರುವವರೆಗೆ, ಮೂರು–ನಾಲ್ಕು ಗಂಟೆಯಾದರೂ ಸರಿ, ಕಾಯಿರಿ. ತೇವಾಂಶಕ್ಕೆ ಮಣ್ಣಿನ ಮಾದರಿಯನ್ನು ನೀರು ಹಾಕುವ ಮುನ್ನವೇ ಪಕ್ಕದಿಂದ ತೆಗೆದಿಡಿ. ಅದಿಲ್ಲದೆ ಎರಡು ಹೊಲಗಳ ಅಂಕಿ ಹೋಲಿಸಲಾಗದು.