ಎಳೆಯ ಹೇಂಟೆ ಮಂಕಾದಾಗ ಏನು ಮಾಡಬೇಕು

ಕೋಳಿ ತನ್ನ ಕಾಯಿಲೆಯನ್ನು ಆದಷ್ಟು ಮುಚ್ಚಿಡುತ್ತದೆ. ಸೋತಂತೆ ಕಂಡ ಹಕ್ಕಿಯನ್ನು ಹಿಂಡಿನ ಉಳಿದ ಕೋಳಿಗಳು ಕುಕ್ಕಿ ಮೂಲೆಗೆ ತಳ್ಳುವುದರಿಂದ, ಮೈಯಲ್ಲಿ ಸುಖವಿಲ್ಲದ ಹೇಂಟೆಯೂ ಕಾಳು ಚೆಲ್ಲಿದ ಕೂಡಲೇ ಎಲ್ಲವುಗಳ ಜೊತೆ ಓಡಿ ಬರುತ್ತದೆ. ಹೀಗಾಗಿ ಅದು ಪುಕ್ಕ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ, ಬಾಲ ಇಳಿಬಿಟ್ಟು ಒಂದೆಡೆ ನಿಂತಿರುವುದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆ ಹತ್ತಿ ಕೆಲವು ದಿನಗಳಾದರೂ ಕಳೆದಿರುವ ಸಾಧ್ಯತೆ ಹೆಚ್ಚು. ನಾಳೆ ನೋಡೋಣ ಎಂದು ಬಿಡುವಂತಿಲ್ಲ.

ಮೊದಲ ಕೆಲಸ ಅದನ್ನು ಬೇರ್ಪಡಿಸುವುದು. ಗಾಳಿಯಾಡುವ ದೊಡ್ಡ ರಟ್ಟಿನ ಪೆಟ್ಟಿಗೆಯೋ ಪಂಜರವೋ ಸಾಕು. ಗಾಳಿ ನೇರವಾಗಿ ಬೀಸದ, ಗದ್ದಲವಿಲ್ಲದ, ಬೆಚ್ಚಗಿನ ಜಾಗದಲ್ಲಿ ಅದನ್ನಿಡಬೇಕು. ಆರೋಗ್ಯವಂತ ಕೋಳಿಯ ಮೈಯ ಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮೇವು ಬಿಟ್ಟ ಹಕ್ಕಿಗೆ ಆ ಶಾಖ ಕಾಯ್ದುಕೊಳ್ಳುವುದೇ ಭಾರವಾಗುವುದರಿಂದ ಪೆಟ್ಟಿಗೆಯ ಒಂದು ಬದಿಯನ್ನು ಮಾತ್ರ ಬೆಚ್ಚಗಿಟ್ಟು, ಸೆಕೆ ಎನಿಸಿದರೆ ಸರಿದುಕೊಳ್ಳಲು ಇನ್ನೊಂದು ಬದಿಯನ್ನು ತಂಪಾಗಿ ಬಿಡಬೇಕು. ನೆಲಕ್ಕೆ ಹೊಟ್ಟಿನ ಬದಲು ಬಿಳಿಯ ಕಾಗದವನ್ನೋ ಹಳೆಯ ಬಟ್ಟೆಯನ್ನೋ ಹಾಸಿದರೆ ಹಿಕ್ಕೆಯ ಬಣ್ಣ ಚೆನ್ನಾಗಿ ಕಾಣುತ್ತದೆ. ಈ ಹಿಕ್ಕೆಯಷ್ಟು ನೇರವಾಗಿ ಕಾಯಿಲೆಯ ಸುಳಿವು ಕೊಡುವುದು ಬೇರೆ ಯಾವುದೂ ಇಲ್ಲ.

ಕುಡಿಯುವ ನೀರು ಮೇವಿಗಿಂತಲೂ ಮುಖ್ಯ. ನೀರನ್ನು ಬಲವಂತವಾಗಿ ಬಾಯಿಗೆ ಸುರಿಯಬಾರದು, ಏಕೆಂದರೆ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಳ್ಳುವುದರಿಂದ ನೀರು ಸುಲಭವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ತಾಗಿಸಿದರೆ ಅದೇ ನುಂಗಿಕೊಳ್ಳುತ್ತದೆ.

ಇಷ್ಟಾದ ಮೇಲೆ ಹಕ್ಕಿಯನ್ನು ಎತ್ತಿಕೊಂಡು ಕೈಯಿಂದ ಪರೀಕ್ಷಿಸಬೇಕು. ಪುಕ್ಕ ಕಣ್ಣಿಗೆ ಮೋಸ ಮಾಡುತ್ತದೆ. ನಾನು ಸಾಕಿದ್ದ ನಾಲ್ಕು ತಿಂಗಳ ಹೇಂಟೆಯೊಂದು ನೋಡಲು ದುಂಡಗಿತ್ತು, ದಿನವೂ ತಟ್ಟೆಗೆ ಕುಕ್ಕುತ್ತಿತ್ತು. ಎತ್ತಿಕೊಂಡು ಎದೆಯ ಮೇಲೆ ಬೆರಳಾಡಿಸಿದಾಗ ನಡುಮೂಳೆ ಚಾಕುವಿನ ಅಂಚಿನಂತೆ ಕೈಗೆ ಸಿಕ್ಕಿತು. ಹತ್ತಿರ ಕೂತು ನೋಡಿದರೆ ಅದು ಕಾಳನ್ನು ಕುಕ್ಕಿ ಕೆಡವುತ್ತಿತ್ತೇ ಹೊರತು ನುಂಗುತ್ತಿರಲಿಲ್ಲ. ಅಂದಿನಿಂದ ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ಪ್ರತಿ ಕೋಳಿಯನ್ನೂ ತೂಗಿ ಬರೆದಿಡುತ್ತೇನೆ. ಬೆಳೆಯುವ ವಯಸ್ಸಿನ ಹೇಂಟೆಯ ತೂಕ ಏರದೆ ನಿಂತರೂ ಅದು ಎಚ್ಚರಿಕೆಯೇ.

ಕತ್ತಿನ ಬುಡದಲ್ಲಿರುವ ಮೇವಿನ ಚೀಲವನ್ನು ರಾತ್ರಿ ಗೂಡು ಸೇರುವಾಗ ಒಮ್ಮೆ, ಬೆಳಿಗ್ಗೆ ಮೇವು ಹಾಕುವ ಮೊದಲು ಇನ್ನೊಮ್ಮೆ ಮುಟ್ಟಿ ನೋಡಬೇಕು. ರಾತ್ರಿ ತುಂಬಿರಬೇಕಾದದ್ದು ಬೆಳಗಾಗುವಷ್ಟರಲ್ಲಿ ಖಾಲಿಯಾಗಿರಬೇಕು. ಬೆಳಿಗ್ಗೆಯೂ ಗಟ್ಟಿ ಉಂಡೆಯಂತಿದ್ದರೆ ಉದ್ದನೆಯ ಹುಲ್ಲೋ ನಾರೋ ಸಿಕ್ಕಿಕೊಂಡಿರಬಹುದು. ನೀರು ತುಂಬಿದ ಬಲೂನಿನಂತೆ ಮೆತ್ತಗಿದ್ದು ಬಾಯಿಯಿಂದ ಹುಳಿವಾಸನೆ ಬಂದರೆ ಒಳಗೆ ಹುಳಿತಿದೆ ಎಂದರ್ಥ. ತಲೆಕೆಳಗು ಹಿಡಿದು ವಾಂತಿ ಮಾಡಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ, ಹಾಗೆ ಮಾಡುವಾಗಲೇ ಉಸಿರು ಕಟ್ಟಿ ಕೋಳಿ ಸಾಯಬಹುದು.

ಗುದದ್ವಾರದ ಸುತ್ತಲಿನ ಪುಕ್ಕವನ್ನು ಬಿಡಿಸಿ ಹೇನು, ನುಸಿ ಇವೆಯೇ ಎಂದು ನೋಡಬೇಕು. ಕೆಂಪು ನುಸಿ ಹಗಲು ಗೂಡಿನ ಸಂದುಗಳಲ್ಲಿ ಅಡಗಿದ್ದು ರಾತ್ರಿ ಮಾತ್ರ ರಕ್ತ ಹೀರುವುದರಿಂದ, ಕತ್ತಲಾದ ಮೇಲೆ ಟಾರ್ಚ್ ಹಿಡಿದು ಕೋಳಿ ಕೂರುವ ಕೋಲಿನ ಅಡಿಭಾಗವನ್ನೂ ನೋಡಬೇಕಾಗುತ್ತದೆ. ಅಂಗಾಲಿನಲ್ಲಿ ಕಪ್ಪು ಹಕ್ಕಳೆಯೊಂದಿಗೆ ಊತವಿದ್ದರೆ ಅಲ್ಲಿ ಕೀವುಗಟ್ಟಿರುತ್ತದೆ.

ಇನ್ನು ವಯಸ್ಸಿನ ವಿಚಾರ. ಎಳೆಯ ಹಕ್ಕಿಯಲ್ಲಿ ಯಾವ ಕಾಯಿಲೆಯನ್ನು ಮೊದಲು ಶಂಕಿಸಬೇಕೆಂಬುದಕ್ಕೆ ವಯಸ್ಸೇ ದಾರಿ ತೋರಿಸುತ್ತದೆ. ಮೂರು ವಾರದಿಂದ ಮೂರು ನಾಲ್ಕು ತಿಂಗಳವರೆಗಿನ ಹಕ್ಕಿ ಮುದುಡಿ ಕೂತು, ಹಿಕ್ಕೆಯಲ್ಲಿ ರಕ್ತ ಕಂಡರೆ ಮೊದಲ ಅನುಮಾನ ರಕ್ತಭೇದಿಯ ಮೇಲೆ. ಕರುಳಿನಲ್ಲಿ ಬೆಳೆಯುವ ಐಮೀರಿಯಾ ಎಂಬ ಸೂಕ್ಷ್ಮ ಪರಾವಲಂಬಿ ಇದಕ್ಕೆ ಕಾರಣವಾಗಿದ್ದು, ಬೆಚ್ಚಗಿನ ಒದ್ದೆ ಹೊಟ್ಟಿನಲ್ಲಿ ಅದರ ತತ್ತಿಗಳು ಒಂದೆರಡು ದಿನಗಳಲ್ಲೇ ಸೋಂಕು ಹರಡುವ ಹಂತಕ್ಕೆ ಬರುತ್ತವೆ. ಪಶುವೈದ್ಯರಲ್ಲಿ ಹಿಕ್ಕೆ ಪರೀಕ್ಷೆ ಮಾಡಿಸಿದರೆ ಸೂಕ್ಷ್ಮದರ್ಶಕದಲ್ಲಿ ಇದು ತಿಳಿಯುತ್ತದೆ, ಸಾಮಾನ್ಯವಾಗಿ ನೀರಿನಲ್ಲಿ ಬೆರೆಸುವ ಆಂಪ್ರೋಲಿಯಂ ಕೊಡುತ್ತಾರೆ. ಈ ಔಷಧ ಕೆಲಸ ಮಾಡುವುದೇ ಪರಾವಲಂಬಿಗೆ ಬಿ1 ಜೀವಸತ್ವ ಸಿಗದಂತೆ ತಡೆದು. ಆದ್ದರಿಂದ ಶಕ್ತಿ ಬರಲೆಂದು ಅದರ ಜೊತೆಗೇ ಬಿ ಜೀವಸತ್ವದ ಟಾನಿಕ್ ಹಾಕಿದರೆ ಔಷಧ ವ್ಯರ್ಥವಾಗಬಹುದು. ಅಂದ ಹಾಗೆ, ದಿನಕ್ಕೆ ಕೆಲವು ಬಾರಿ ಬರುವ ಕಂದುಬಣ್ಣದ, ಅಂಟಂಟಾದ, ಕೆಟ್ಟ ವಾಸನೆಯ ಹಿಕ್ಕೆ ಸಹಜವಾದದ್ದು, ಅದಕ್ಕೆ ಹೆದರಬೇಕಿಲ್ಲ.

ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿ ಎಳೆಯ ಹೇಂಟೆ ನೆಲಕ್ಕೆ ಬಿದ್ದರೆ ಮಾರೆಕ್ಸ್ ರೋಗದ ಶಂಕೆ ಬಲವಾಗುತ್ತದೆ. ಇದು ಹರ್ಪಿಸ್ ಜಾತಿಯ ವೈರಾಣುವಿನಿಂದ ಬರುವಂಥದ್ದು, ಇದಕ್ಕೆ ಚಿಕಿತ್ಸೆಯಿಲ್ಲ. ಮರಿ ಮೊಟ್ಟೆಯೊಡೆದ ಮೊದಲ ದಿನವೇ ಹಾಕಿಸುವ ಲಸಿಕೆಯೊಂದೇ ರಕ್ಷಣೆ. ಕತ್ತು ತಿರುಚಿಕೊಂಡು ಹಸಿರು ಭೇದಿಯಾದರೆ ರಾಣಿಖೇತ್ ಎಂಬ ವೈರಾಣು ರೋಗವಿರಬಹುದು. ಒಂದೆರಡು ದಿನಗಳಲ್ಲಿ ಹಲವು ಕೋಳಿಗಳು ಒಮ್ಮೆಲೇ ಸತ್ತರೆ ಬರಿಗೈಯಲ್ಲಿ ಮುಟ್ಟದೆ, ಕೊಯ್ಯದೆ, ಹೊರಗೆ ಎಸೆಯದೆ ತಕ್ಷಣ ಪಶುವೈದ್ಯ ಇಲಾಖೆಗೆ ತಿಳಿಸಬೇಕು.

ಐದಾರು ತಿಂಗಳ ಹೇಂಟೆಯ ಕಥೆ ಬೇರೆ. ಜುಟ್ಟು ಕೆಂಪೇರಿ, ಬೆನ್ನ ಮೇಲೆ ಕೈಯಿಟ್ಟರೆ ಕುಕ್ಕರಿಸುವ ಹಕ್ಕಿ ಮೊಟ್ಟೆಗೆ ಬರುತ್ತಿದೆ. ಅದು ನೆಟ್ಟಗೆ ನಿಂತು ಮತ್ತೆ ಮತ್ತೆ ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಕೂರಿಸಿ, ಒರೆಸಿ, ಕತ್ತಲಿನ ಬೆಚ್ಚಗಿನ ಜಾಗದಲ್ಲಿ ಬಿಡಬೇಕು. ಹೊಟ್ಟೆ ಒತ್ತಿ ಹೊರತೆಗೆಯಲು ಹೋದರೆ ಮೊಟ್ಟೆ ಒಳಗೇ ಒಡೆಯುತ್ತದೆ. ಕೆಲವು ಗಂಟೆಗಳಲ್ಲಿ ಬಾರದಿದ್ದರೆ ವೈದ್ಯರಲ್ಲಿಗೆ ಒಯ್ಯಬೇಕು. ಮೊಟ್ಟೆ ಬೇಗ ಬರಲೆಂಬ ಆಸೆಯಿಂದ ಎಳೆಯ ಹಕ್ಕಿಗೆ ಮೊಟ್ಟೆಕೋಳಿಯ ಮೇವು ಹಾಕುವ ಅಭ್ಯಾಸವೂ ಕೆಟ್ಟದ್ದು. ಬೆಳೆಯುವ ಹಕ್ಕಿಯ ಮೇವಿನಲ್ಲಿ ಕ್ಯಾಲ್ಸಿಯಂ ಸುಮಾರು 1 ಶೇಕಡಾ ಇದ್ದರೆ ಮೊಟ್ಟೆಕೋಳಿಯದರಲ್ಲಿ 3.5ರಿಂದ 4 ಶೇಕಡಾ ಇರುತ್ತದೆ, ಈ ಹೆಚ್ಚುವರಿ ಎಳೆಯ ಮೂತ್ರಪಿಂಡವನ್ನು ಹಾಳುಮಾಡುತ್ತದೆ.

ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಅನ್ನು ಅಂದಾಜಿನ ಮೇಲೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಪರಾವಲಂಬಿಗೂ ವೈರಾಣುವಿಗೂ ಅದು ನಾಟುವುದಿಲ್ಲ, ನಿಜವಾದ ಕಾರಣ ಹುಡುಕುವ ಸಮಯ ಮಾತ್ರ ಕಳೆದುಹೋಗುತ್ತದೆ. ವೈದ್ಯರು ಔಷಧ ಬರೆದಾಗ ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ಕೇಳಿ ಬರೆದುಕೊಳ್ಳಬೇಕು, ಹಕ್ಕಿಯನ್ನು ಮುಟ್ಟಿದ ಮೇಲೆ ಪ್ರತಿಸಲವೂ ಸೋಪಿನಿಂದ ಕೈ ತೊಳೆಯಬೇಕು.

ಚೇತರಿಸಿದ ಹೇಂಟೆಯನ್ನು ಒಮ್ಮೆಲೇ ಹಿಂಡಿಗೆ ಬಿಟ್ಟರೆ ಹೊಸಬಳೆಂದು ಕುಕ್ಕಿಸಿಕೊಳ್ಳುತ್ತದೆ. ಅಂಟುರೋಗವಲ್ಲವೆಂದು ಖಾತ್ರಿಯಾದ ಮೇಲೆ ಕೆಲವು ದಿನ ಜಾಲರಿಯ ಆಚೆಬದಿಯಿಂದ ಪರಸ್ಪರ ಕಾಣುವಂತೆ ಇಟ್ಟು, ನಂತರ ಒಂದು ಸಂಜೆ ಉಳಿದವು ಕೋಲೇರಿ ಕೂತಾಗ ಅದನ್ನೂ ಮೆಲ್ಲಗೆ ಅವುಗಳ ಪಕ್ಕದಲ್ಲಿ ಕೂರಿಸಿ, ಮರುದಿನ ಬೆಳಿಗ್ಗೆ ಮೇವಿನ ಹೊತ್ತಿಗೆ ಅಲ್ಲೇ ನಿಂತು ನೋಡಬೇಕು.