ಬಿಸಿಲು ಮುಖಕ್ಕೆ ಬೀಳುವ ಹೊತ್ತು: ಅಪ್ಪ-ಅಮ್ಮನ ಜೊತೆ ರಷ್‌ಮೋರ್‌ಗೆ

ಅಪ್ಪ-ಅಮ್ಮ ಆರು ತಿಂಗಳಿಗೆಂದು ಮಿನಿಯಾಪೊಲಿಸ್‌ಗೆ ಬಂದಾಗ ನಯಾಗರ ಒಂದು ಬಿಟ್ಟು ಬೇರೇನೂ ತೋರಿಸು ಅಂತ ಕೇಳಿರಲಿಲ್ಲ. ದಕ್ಷಿಣ ಡಕೋಟದಲ್ಲಿ ನಾಲ್ವರು ಅಮೆರಿಕ ಅಧ್ಯಕ್ಷರ ಮುಖಗಳನ್ನು ಬಂಡೆಯಲ್ಲೇ ಕೆತ್ತಿರುವ ಬೆಟ್ಟ ಮೌಂಟ್ ರಷ್‌ಮೋರ್, ಅದನ್ನು ನೋಡುವ ಆಸೆ ನನ್ನದು. "ಕಲ್ಲಿನ ಮೂರ್ತಿ ನೋಡೋಕೆ 600 ಮೈಲಿಯಾ? ನಮ್ಮ ಪಟ್ಣದಿಂದ ಬೆಳಗೊಳಕ್ಕೆ ಅರ್ಧ ಗಂಟೆ ಕಣಮ್ಮಾ" ಅಂದರು ಅಪ್ಪ. ಚನ್ನರಾಯಪಟ್ಟಣದವರು, ಗೊಮ್ಮಟನ ನೆರೆಹೊರೆ. ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲು ಆಗಸ್ಟ್ ಎರಡನೇ ವಾರ ಅಂತ ಲೆಕ್ಕ ಹಾಕಿದ್ದೆವು, ನಮ್ಮವರಿಗೆ ಆಗ ರಜೆ ಸಿಗುತ್ತಿತ್ತು. ಬೆಟ್ಟದ ಹತ್ತಿರದ ಊರು ರ‍್ಯಾಪಿಡ್ ಸಿಟಿಯ ಹೋಟೆಲ್ ದರ ನೋಡಿ ಗಾಬರಿಯಾಯಿತು. ಹತ್ತಿರದ ಸ್ಟರ್ಜಿಸ್ ಊರಿನಲ್ಲಿ ಆಗಸ್ಟ್ ಮೊದಲರ್ಧದಲ್ಲಿ ಮೋಟಾರ್‌ಸೈಕಲ್ ಜಾತ್ರೆ. 1938ರಿಂದ ನಡೆದುಬಂದಿದೆ, ಈಗ ಲಕ್ಷಗಟ್ಟಲೆ ಜನ ಸೇರುತ್ತಾರೆ. ಆ ಹತ್ತು ದಿನ ಸುತ್ತಲಿನ ಯಾವ ಊರಲ್ಲೂ ಕೋಣೆ ಅಗ್ಗಕ್ಕೆ ಸಿಗುವುದಿಲ್ಲ. ರಜೆಯನ್ನೇ ಜೂನ್ ಮಧ್ಯಕ್ಕೆ ಎಳೆದೆವು. ಅಡುಗೆಮನೆ ಇರುವ ಕೋಣೆಯನ್ನೇ ಹುಡುಕಿದ್ದು ಅಮ್ಮನಿಗಾಗಿ. ಪುಳಿಯೋಗರೆ ಗೊಜ್ಜು, ಅವಲಕ್ಕಿ, ಉಪ್ಪಿನಕಾಯಿ, ಪುಟ್ಟ ರೈಸ್ ಕುಕ್ಕರ್ ಡಿಕ್ಕಿಗೆ ಹೋದವು.

ವಯಸ್ಸಾದವರನ್ನು ಒಂದೇ ಉಸಿರಿಗೆ ಕೂರಿಸಿಕೊಂಡು ಹೋಗುವ ದೂರವಲ್ಲ ಅದು. ಮಿಚೆಲ್ ಎಂಬ ಊರಲ್ಲಿ ರಾತ್ರಿ ತಂಗಿದೆವು. ಅಲ್ಲಿ ಮುಸುಕಿನ ಜೋಳದ ತೆನೆಗಳಿಂದಲೇ ಗೋಡೆ ಅಲಂಕರಿಸಿದ ಕಾರ್ನ್ ಪ್ಯಾಲೆಸ್ ಇದೆ. ಅಪ್ಪ ಅದರ ಮುಂದೆ ನಿಂತಷ್ಟು ಹೊತ್ತು ರಷ್‌ಮೋರ್ ಮುಂದೆ ನಿಲ್ಲಲಿಲ್ಲ ಅಂತ ಈಗಲೇ ಹೇಳಿಬಿಡುತ್ತೇನೆ. ಮರುದಿನ ಮರ್ಡೋ ದಾಟಿದ ಮೇಲೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಕಾಲವಲಯ ಬದಲಾಗುವುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಪುಕ್ಕಟೆ ಸಿಕ್ಕಿದ ಆ ಗಂಟೆಯ ಹುಮ್ಮಸ್ಸಿನಲ್ಲಿ "ಈಗಲೇ ನೋಡಿಬಿಡೋಣ" ಅಂತ ಸೀದಾ ಬೆಟ್ಟಕ್ಕೆ ಹೊರಟಿದ್ದೇ ತಪ್ಪಾಯಿತು.

ತಲುಪಿದಾಗ ಮಧ್ಯಾಹ್ನ ನಾಲ್ಕು. ಆ ನಾಲ್ಕು ಮುಖಗಳು ಆಗ್ನೇಯಕ್ಕೆ ತಿರುಗಿವೆ. ಮಧ್ಯಾಹ್ನ ಕಳೆದರೆ ಸೂರ್ಯ ಬೆಟ್ಟದ ಹಿಂದಕ್ಕೆ ಸರಿಯುತ್ತಾನೆ, ಮೂಗು, ಕಣ್ಣು ಎಲ್ಲ ಒಂದೇ ಬೂದು ಬಣ್ಣ. ಫೋಟೋ ತೆಗೆಯುವಷ್ಟರಲ್ಲಿ ಮೋಡ ಮುಚ್ಚಿ, ಗುಡುಗಿ, ಕಡಲೆ ಗಾತ್ರದ ಆಲಿಕಲ್ಲು ಸುರಿಯಿತು. ಬ್ಲ್ಯಾಕ್ ಹಿಲ್ಸ್ ಎಂಬ ಈ ಬೆಟ್ಟಸಾಲಿನಲ್ಲಿ ಬೇಸಿಗೆಯ ಮಧ್ಯಾಹ್ನ ಹೀಗಾಗುವುದು ಹೊಸತೇನಲ್ಲವಂತೆ. ನೋಡುನೋಡುತ್ತಲೇ ಮಂಜು ಕವಿದು ವಾಷಿಂಗ್ಟನ್, ಜೆಫರ್ಸನ್, ರೂಸ್‌ವೆಲ್ಟ್, ಲಿಂಕನ್ ನಾಲ್ವರೂ ಮಾಯ. ಐಸ್‌ಕ್ರೀಂ ತಿಂದು ಕೋಣೆಗೆ ಮರಳಿದೆವು. ಪ್ರವೇಶಕ್ಕೆ ದುಡ್ಡಿಲ್ಲ, ಪಾರ್ಕಿಂಗ್‌ಗೆ ಮಾತ್ರ 10 ಡಾಲರ್ ಕೊಟ್ಟಿದ್ದೆವು. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಅದಕ್ಕೆ ನಡೆಯುವುದಿಲ್ಲ.

ಮಾರನೇ ದಿನ ಬೆಳಗ್ಗೆ ಏಳಕ್ಕೇ ಹೋದೆವು. ಅದೇ ಬೆಟ್ಟವಾ ಅನ್ನಿಸಿತು. ಎಳೆ ಬಿಸಿಲು ನೇರ ಮುಖಕ್ಕೆ ಬಿದ್ದು ಗ್ರಾನೈಟ್ ಹೊಳೆಯುತ್ತಿತ್ತು, ರೂಸ್‌ವೆಲ್ಟ್ ಕನ್ನಡಕದ ಅಂಚು ಸಹ ಕಾಣುತ್ತಿತ್ತು. ಜನವೂ ಇರಲಿಲ್ಲ. ಬಾವುಟಗಳ ಸಾಲಿನ ಕೆಳಗೆ ನಡೆದು ವೇದಿಕೆ ತಲುಪಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಲೆ ಆಯ್ತು, ಮೈ ಎಲ್ಲಿ?" ಅಂತ ಕೇಳಿದರು.

ಕೇಳಬೇಕಾದ ಪ್ರಶ್ನೆಯೇ. ಶಿಲ್ಪಿ ಗಟ್ಸನ್ ಬೋರ್ಗ್ಲಮ್ ಸೊಂಟದವರೆಗೂ ಕೆತ್ತಲು ಯೋಜಿಸಿದ್ದ. 1927ರಲ್ಲಿ ಕೆಲಸ ಹಿಡಿದವನು 1941ರ ಮಾರ್ಚ್‌ನಲ್ಲಿ ತೀರಿಕೊಂಡ, ಆ ವರ್ಷದ ಅಕ್ಟೋಬರ್‌ಗೆ ಹಣವೂ ಮುಗಿದು ಇದ್ದಷ್ಟಕ್ಕೇ ನಿಂತಿತು. ಒಂದೊಂದು ಮುಖವೇ 60 ಅಡಿ ಅಂದಾಗ ಅಪ್ಪ ಲೆಕ್ಕ ಹಾಕಿದರು: ಬೆಳಗೊಳದ ಗೊಮ್ಮಟ ಅಡಿಯಿಂದ ಮುಡಿಯವರೆಗೆ ಸುಮಾರು 58 ಅಡಿ, ಅಂದರೆ ಇಲ್ಲಿ ಗಲ್ಲದಿಂದ ಹಣೆಯವರೆಗೆ ಒಬ್ಬ ಗೊಮ್ಮಟ. ಆದರೆ ಇಲ್ಲಿ ಒಡೆದ ಬಂಡೆಯ ಬಹುಪಾಲು ಡೈನಮೈಟ್ ಕೆಲಸ ಅಂತ ತಿಳಿದ ಮೇಲೆ ಅವರ ಮೆಚ್ಚುಗೆ ಒಂದು ಮೆಟ್ಟಿಲು ಇಳಿಯಿತು. ಜೆಫರ್ಸನ್‌ನನ್ನು ಮೊದಲು ವಾಷಿಂಗ್ಟನ್‌ನ ಇನ್ನೊಂದು ಪಕ್ಕ ಕೆತ್ತಲು ಹೊರಟು, ಬಂಡೆ ಸರಿ ಇಲ್ಲ ಅಂತ ಸಿಡಿಸಿ ಈ ಕಡೆ ಮತ್ತೆ ಶುರುಮಾಡಿದ ಕಥೆ ಮಾತ್ರ ಅಮ್ಮನಿಗೆ ಬಹಳ ಹಿಡಿಸಿತು. "ದೋಸೆ ಹರಿದರೆ ಮತ್ತೆ ಹುಯ್ದ ಹಾಗೆ."

ಬುಡದ ಹತ್ತಿರ ಸುತ್ತಿ ಬರುವ ದಾರಿಯಲ್ಲಿ 422 ಮೆಟ್ಟಿಲು. ಅಪ್ಪನ ಮಂಡಿಗೆ ಆಗದು ಅಂತ ಅವರನ್ನು ನೆರಳಲ್ಲಿ ಕೂರಿಸಿದೆವು. ಅಮ್ಮ ಚಪ್ಪಲಿ ಹಾಕಿಕೊಂಡೇ ಸಲೀಸಾಗಿ ಮುಗಿಸಿದರು, ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಿದವರು.

ರಾತ್ರಿ ದೀಪ ಬೆಳಗಿಸುವ ಕಾರ್ಯಕ್ರಮಕ್ಕೂ ಹೋದೆವು. ಚೆನ್ನಾಗಿತ್ತು. ಆದರೆ ಮುಗಿದ ಕೂಡಲೇ ಎಲ್ಲ ಕಾರುಗಳೂ ಒಟ್ಟಿಗೇ ಹೊರಟವು. ಜೂನ್‌ನಲ್ಲೂ ಅಷ್ಟು ಎತ್ತರದಲ್ಲಿ ರಾತ್ರಿ ಚಳಿ, ಸ್ವೆಟರ್ ಇಲ್ಲದೆ ಹೋಗಬಾರದು.

ಐರನ್ ಮೌಂಟೇನ್ ರಸ್ತೆಯನ್ನು ತಪ್ಪಿಸಬೇಡಿ. 17 ಮೈಲಿಗೆ 314 ತಿರುವು, ಚಾರ್ಮಾಡಿ ನೆನಪಾಗುತ್ತದೆ. ಕಸ್ಟರ್ ಪಾರ್ಕ್ ಕಡೆಯಿಂದ ಉತ್ತರಕ್ಕೆ ಬಂದರೆ ಮಾತ್ರ ಸುರಂಗದ ಬಾಯಲ್ಲಿ ಚೌಕಟ್ಟು ಹಾಕಿದಂತೆ ಆ ಮುಖಗಳು ಎದುರಾಗುತ್ತವೆ. ಎದುರು ದಿಕ್ಕಿನಿಂದ ಹೋದರೆ ಬೆನ್ನ ಹಿಂದೆ ಉಳಿಯುತ್ತವೆ. ಅಮ್ಮ ಶುಂಠಿ ಚೂರು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿಯೇ ಇದ್ದರು.

ಮೂರನೆಯ ದಿನ ಕ್ರೇಜಿ ಹಾರ್ಸ್ ಸ್ಮಾರಕ. ಇಲ್ಲಿನ ಮೂಲನಿವಾಸಿಗಳಾದ ಲಕೋಟ ಜನರ ಯೋಧನ ಈ ಶಿಲ್ಪದ ಕೆಲಸ 1948ರಲ್ಲಿ ಶುರುವಾಗಿ ಇನ್ನೂ ನಡೆದಿದೆ, ಸರ್ಕಾರದ ದುಡ್ಡಿಲ್ಲದೆ. ಇಲ್ಲಿಗೆ ಬರದೆ ರಷ್‌ಮೋರ್ ಅರ್ಧ ನೋಡಿದಂತೆ ಅನ್ನುವುದು ನನ್ನ ಅಭಿಪ್ರಾಯ. ಈ ಬೆಟ್ಟಗಳು ಲಕೋಟರದ್ದೇ ಅಂತ ಅಮೆರಿಕ ಸರ್ಕಾರದವರು 1868ರ ಒಪ್ಪಂದದಲ್ಲಿ ಬರೆದುಕೊಟ್ಟಿದ್ದರು. 1874ರಲ್ಲಿ ಚಿನ್ನ ಕಂಡಿತು, 1877ರಲ್ಲಿ ಕಿತ್ತುಕೊಂಡರು. 1980ರಲ್ಲಿ ಸುಪ್ರೀಂ ಕೋರ್ಟು ಪರಿಹಾರ ಕೊಡಿ ಅಂದಿತು. ಲಕೋಟರು ಇವತ್ತಿಗೂ ಆ ಹಣ ಮುಟ್ಟಿಲ್ಲ, ಬಡ್ಡಿ ಬೆಳೆಯುತ್ತಲೇ ಇದೆ.

ಇದನ್ನು ಹೇಳುವಾಗ ಅಪ್ಪನ ಮುಖದಲ್ಲಿ ಮೊದಲ ಸಲ ನಿಜವಾದ ಆಸಕ್ತಿ ಕಂಡೆ. ನಾಲೆಗೆ ಹೋದ ನಮ್ಮ ತೋಟದ ಪರಿಹಾರ ವರ್ಷಗಟ್ಟಲೆ ಕೋರ್ಟಿನಲ್ಲೇ ಕೂತಿತ್ತು. ತಾತ ರುಜು ಹಾಕಲು ಒಪ್ಪಿರಲಿಲ್ಲ. "ತಗೊಂಡರೆ ಮಾರಿದ ಹಾಗೆ ಆಗುತ್ತಲ್ಲ" ಅಂದರು ಅಪ್ಪ. ಆಮೇಲೆ ಕಾರಿನಲ್ಲಿ ತಾತನ ಬಗ್ಗೆ ನಾನು ಕೇಳಿರದ ಎಷ್ಟೋ ಮಾತು ಬಂತು, ದಾರಿಗಡ್ಡ ನಿಂತ ಕಾಡೆಮ್ಮೆಗಳ ಹಿಂಡು ಸರಿಯುವವರೆಗೂ.

ವಾಪಸು ಬರುವಾಗ ವಾಲ್ ಊರಿನ ಹಳೆಯ ಔಷಧದಂಗಡಿಯಲ್ಲಿ ಐದು ಸೆಂಟಿನ ಕಾಫಿ ಕುಡಿದೆವು. ಅಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, ಐದು ಸೆಂಟಿಗೆ ಸರಿಯಾಗೇ ಇದೆ ಅಂದರು.