ಗೋಕಾಕದ ಕರದಂಟು ಕೊಲ್ಹಾಪುರದಲ್ಲಿ: ಕಾಗದಪತ್ರ ಹೊಂದಿಸಿಕೊಂಡ ನನ್ನ ಅನುಭವ

ಕೊಲ್ಹಾಪುರದಲ್ಲಿ ಅಂಗಡಿ ತೆಗೆಯೋಣ ಅಂತ ಮನೆಯಲ್ಲಿ ತೀರ್ಮಾನವಾದಾಗ ಎಲ್ಲರೂ ಕೇಳಿದ್ದು ಬಾಡಿಗೆ ಎಷ್ಟು, ಗಿರಾಕಿ ಬರುತ್ತಾರಾ ಅಂತ. ನಾನು ಮೊದಲು ಹೋಗಿದ್ದು ಆಡಿಟರ್ ಹತ್ತಿರ. ನಾವು ಗೋಕಾಕದಲ್ಲಿ ಕರದಂಟು ಮಾಡಿ ಮಾರುವವರು. ಸಂಕೇಶ್ವರ, ನಿಪ್ಪಾಣಿ ದಾಟಿದರೆ ಕೊಲ್ಹಾಪುರ ಬಂದೇ ಬಿಡುತ್ತದೆ. ಬೆಂಗಳೂರಿಗಿಂತ ಅದೇ ನಮಗೆ ಹತ್ತಿರ. ಆದರೆ ಜಿಎಸ್‌ಟಿ ಲೆಕ್ಕದಲ್ಲಿ ಬೆಂಗಳೂರಿನಲ್ಲಿ ಅಂಗಡಿ ಹಾಕಿದರೆ ಅದು ನಮ್ಮದೇ ಇನ್ನೊಂದು ಶಾಖೆ. ಕೊಲ್ಹಾಪುರದಲ್ಲಿ ಹಾಕಿದರೆ ಅದು ಬೇರೆಯೇ ಒಬ್ಬ ವ್ಯಾಪಾರಿ. ಪ್ಯಾನ್ ಒಂದೇ, ಮಾಲೀಕರು ಅವರೇ, ಆದರೂ ಕಾನೂನಿನ ಕಣ್ಣಿಗೆ ಇಬ್ಬರು. ಅಪ್ಪ ಒಬ್ಬನೇ ಆದರೂ ಒಲೆ ಬೇರೆಯಾದ ಅಣ್ಣತಮ್ಮಂದಿರ ಹಾಗೆ. ಇದು ತಲೆಯಲ್ಲಿ ಕೂತರೆ ಯಾವ ಕಾಗದ ಯಾಕೆ ಬೇಕು ಅನ್ನೋದು ತಾನಾಗಿಯೇ ತಿಳಿಯುತ್ತದೆ.

ನಾವು ಆಗ ಕಾಂಪೋಸಿಷನ್ ಸ್ಕೀಮಿನಲ್ಲಿದ್ದೆವು. ವರ್ಷದ ವಹಿವಾಟು 1.5 ಕೋಟಿಯೊಳಗಿದ್ದರೆ ಅದರ 1% ತೆರಿಗೆ ಕಟ್ಟಿದರೆ ಸಾಕು. ಸಣ್ಣ ವ್ಯಾಪಾರಿಗೆ ನಿಜಕ್ಕೂ ಒಳ್ಳೆಯ ಸ್ಕೀಮು. ಆದರೆ ಅದರಲ್ಲಿದ್ದವರು ಹೊರರಾಜ್ಯಕ್ಕೆ ಮಾಲು ಮಾರುವಂತಿಲ್ಲ. ಸ್ವಂತ ಅಂಗಡಿಗೆ ಕಳಿಸಿದರೂ ಅದು ಮಾರಾಟವೇ. ಹಾಗಾಗಿ ಮೊದಲು ಸಿಎಂಪಿ-04 ಅರ್ಜಿ ಹಾಕಿ ಅದರಿಂದ ಹೊರಗೆ ಬಂದೆವು. ಹೊರಬರುವ ಹಿಂದಿನ ದಿನ ಗೋದಾಮಿನಲ್ಲಿದ್ದ ಒಣಕೊಬ್ಬರಿ, ಅಂಟು, ಗೋಡಂಬಿ, ಬಾದಾಮಿ, ಖಾಲಿ ಡಬ್ಬಿ ಎಲ್ಲವನ್ನೂ ತೂಗಿ, ಎಣಿಸಿ, ಖರೀದಿ ಬಿಲ್ಲುಗಳ ಜೊತೆ ಹೊಂದಿಸಿ ಬರೆದಿಟ್ಟೆವು. ಯಾಕಂದ್ರೆ ಆ ಸ್ಟಾಕಿನ ಮೇಲೆ ಕಟ್ಟಿದ ತೆರಿಗೆಯನ್ನು ಐಟಿಸಿ-01 ಅರ್ಜಿಯಲ್ಲಿ ಕ್ರೆಡಿಟ್ ಆಗಿ, ಅಂದರೆ ಮುಂದೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಹಾಗೆ, ಕೇಳಬಹುದು. ಅದಕ್ಕೆ 30 ದಿನ ಮಾತ್ರ ಅವಕಾಶ.

ಆಮೇಲೆ ಅಂಗಡಿಯ ಕರಾರು. ನಮ್ಮ ಕಡೆ 11 ತಿಂಗಳಿಗೆ ಬಾಂಡ್ ಪೇಪರಿನ ಮೇಲೆ ಬರೆದು ಸಹಿ ಹಾಕಿದರೆ ಮುಗಿಯಿತು. ಮಹಾರಾಷ್ಟ್ರದಲ್ಲಿ ಹಾಗಲ್ಲ. ಅಲ್ಲಿನ 1999ರ ಬಾಡಿಗೆ ಕಾಯ್ದೆಯ 55ನೇ ಕಲಂ ಪ್ರಕಾರ 11 ತಿಂಗಳಿದ್ದರೂ ಕರಾರು ರಿಜಿಸ್ಟರ್ ಆಗಲೇಬೇಕು, ಅದನ್ನು ಮಾಡಿಸುವ ಹೊಣೆ ಮಾಲೀಕನದು. ನಮಗೆ ಸಿಕ್ಕ ಮಾಲೀಕರು ವಯಸ್ಸಾದವರು, ಕನ್ನಡ ಚೆನ್ನಾಗಿ ಬರುತ್ತಿತ್ತು. "ಕಾಕಾ, ರಿಜಿಸ್ಟರ್ ಮಾಡಿಸಿಕೊಡ್ತೀರಿ ಅಲ್ವಾ?" ಅಂತ ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಿದೆ. "ಇಲ್ಲದಿದ್ರ ನಿಮ್ಮ ಜಿಎಸ್‌ಟಿ ಹೆಂಗ ಆಗ್ತದ ತಮ್ಮಾ" ಅಂದರು. ಅವರಿಗೆ ಎಲ್ಲ ಗೊತ್ತಿತ್ತು. ಅಂಥವರು ಸಿಗದಿದ್ದರೆ ಆ ಅಂಗಡಿಯನ್ನೇ ಬಿಟ್ಟುಬಿಡುವುದು ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಜಿಎಸ್‌ಟಿ, ಫುಡ್ ಲೈಸೆನ್ಸ್, ಅಂಗಡಿ-ಕೆಲಸಗಾರರ ಕಾಯ್ದೆಯಾದ ಶಾಪ್ ಆಕ್ಟ್ ಎಲ್ಲವೂ ಆ ಒಂದು ವಿಳಾಸದ ಮೇಲೆಯೇ ನಿಂತಿರುತ್ತವೆ.

ಕರಾರು ಕೈಗೆ ಬಂದ ಮೇಲೆ ಜಿಎಸ್‌ಟಿ ನಂಬರ್ ಸಿಕ್ಕಿತು. ಗೋಕಾಕದ ನಂಬರ್ 29ರಿಂದ ಶುರುವಾಗುತ್ತದೆ, ಕೊಲ್ಹಾಪುರದ್ದು 27ರಿಂದ. ಮಧ್ಯದ ಹತ್ತು ಅಕ್ಷರ ಅದೇ ಪ್ಯಾನ್. ಮೊದಲ ಲೋಡಿಗೆ ಬಿಲ್ ಮಾಡಿದಾಗ ಮಾರುವವರ ಹೆಸರೂ ನಮ್ಮದೇ, ಕೊಳ್ಳುವವರ ಹೆಸರೂ ನಮ್ಮದೇ. ಸಿಹಿತಿಂಡಿ ಅಂತ 5%, ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಾಲಿನ ಜಿಎಸ್‌ಟಿಯಾದ ಐಜಿಎಸ್‌ಟಿ ಹಾಕಿದೆವು. ದುಡ್ಡು ಕೈ ಬದಲಾಗದಿದ್ದರೂ ತೆರಿಗೆ ಬರುತ್ತದೆ, ಬಿಲ್ ಇಲ್ಲದೆ ಬರೀ ಡೆಲಿವರಿ ಚಲನ್ ಕೊಟ್ಟು ಕಳಿಸಿದರೆ ನಡೆಯುವುದಿಲ್ಲ. ಮಾಲಿಗೆ ಯಾವ ಬೆಲೆ ಹಾಕಬೇಕು ಅನ್ನೋದಕ್ಕೆ ಜಿಎಸ್‌ಟಿಯ 28ನೇ ನಿಯಮ ಇದೆ: ಕೊಳ್ಳುವ ಶಾಖೆಗೆ ಪೂರ್ತಿ ಕ್ರೆಡಿಟ್ ಸಿಗುವ ಹಾಗಿದ್ದರೆ ಬಿಲ್ಲಿನಲ್ಲಿ ಬರೆದದ್ದೇ ಬೆಲೆ. ಹಾಗಂತ ನಾವು ಮನಸ್ಸಿಗೆ ಬಂದ ಬೆಲೆ ಬರೆಯಲಿಲ್ಲ. ತಯಾರಿಕೆ ಖರ್ಚಿನ ಮೇಲೆ ಸ್ವಲ್ಪ ಸೇರಿಸಿ, ಎಲ್ಲ ಲೋಡಿಗೂ ಒಂದೇ ಲೆಕ್ಕ ಇಟ್ಟೆವು. ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡುವ ಇ-ವೇ ಬಿಲ್ ಬೇಕು. 200 ಕಿಲೋಮೀಟರ್ ಒಳಗಿನ ದಾರಿಯಾದ್ದರಿಂದ ಅದು ಒಂದು ದಿನ ನಡೆಯುತ್ತದೆ. ದಾರಿಯಲ್ಲಿ ಟೆಂಪೋ ಕೆಟ್ಟು ಬೇರೆ ಗಾಡಿಗೆ ಹಾಕಿದರೆ ಹೊಸ ಗಾಡಿ ನಂಬರನ್ನು ಆ ಬಿಲ್ಲಿನ ಗಾಡಿ ವಿವರದ ಭಾಗವಾದ ಪಾರ್ಟ್-ಬಿಯಲ್ಲಿ ಹಾಕಿಯೇ ಹೊರಡಬೇಕು. ಡ್ರೈವರ್‌ಗೆ ಇದನ್ನು ಮೊದಲೇ ಹೇಳಿಟ್ಟಿದ್ದೇನೆ. ಗಾಡಿ ಬದಲಾದರೆ ಮೊದಲು ನನಗೆ ಫೋನ್, ಆಮೇಲೆ ಮಾಲು ಏರಿಸೋದು.

ಇಲ್ಲಿ ಕ್ರೆಡಿಟ್ ವಿಷಯ ಗಟ್ಟಿಯಾಗಿ ಹೇಳಬೇಕು. ಕೊಲ್ಹಾಪುರದಲ್ಲಿ ಉಳಿದ ಕ್ರೆಡಿಟ್ಟನ್ನು ಗೋಕಾಕದ ತೆರಿಗೆಗೆ ಬಳಸುವ ಹಾಗಿಲ್ಲ. ಅದಕ್ಕೇ ಒಮ್ಮೆಲೇ ಜಾಸ್ತಿ ಮಾಲು ಕಳಿಸುವುದಿಲ್ಲ. ಕಳಿಸಿದರೆ ಇಲ್ಲಿ ತೆರಿಗೆ ಕಟ್ಟಬೇಕು, ಅಲ್ಲಿ ಕ್ರೆಡಿಟ್ ಸುಮ್ನೆ ಕೂತಿರುತ್ತದೆ. ಅಲ್ಲಿನ ಬಾಡಿಗೆ, ಫ್ರಿಜ್, ರ‍್ಯಾಕುಗಳ ಬಿಲ್ಲೆಲ್ಲ 27ರ ನಂಬರಿಗೇ ಬರಬೇಕು. ಎರಡೂ ಅಂಗಡಿಗೆ ಸೇರಿದ ಆಡಿಟ್ ಫೀ, ಜಾಹೀರಾತಿನಂಥ ಸೇವೆಗಳ ಕ್ರೆಡಿಟ್ ಹಂಚಲು 2025ರ ಏಪ್ರಿಲ್ 1ರಿಂದ ಐಎಸ್‌ಡಿ ಅನ್ನೋ ಬೇರೆಯೇ ನೋಂದಣಿ ಕಡ್ಡಾಯ. ಸಣ್ಣ ವ್ಯಾಪಾರಿಗೆ ಇದು ಭಾರ ಅಂತಲೇ ನನಗೆ ಅನ್ನಿಸುತ್ತದೆ. ಆದರೂ ಮಾಡಿಸಿದ್ದೇವೆ.

ಫುಡ್ ಲೈಸೆನ್ಸಿನಲ್ಲಿ ತಿಳಿದಿರಬೇಕಾದದ್ದು ಒಂದು. ಎರಡು ರಾಜ್ಯದಲ್ಲಿ ವ್ಯಾಪಾರ ಅಂದರೆ ಮುಖ್ಯ ಕಚೇರಿಗೆ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐನ ಸೆಂಟ್ರಲ್ ಲೈಸೆನ್ಸ್ ಬೇಕು, ಒಂದೊಂದು ಜಾಗಕ್ಕೂ ಬೇರೆ ಬೇರೆ ಲೈಸೆನ್ಸ್ ಅಥವಾ ನೋಂದಣಿ. ಪ್ಯಾಕೆಟ್ ಮೇಲಿನ ನಿಯಮಗಳು ಕೇಂದ್ರದವು, ಹಾಗಾಗಿ ಲೇಬಲ್ ಬದಲಿಸುವ ಅಗತ್ಯ ಬೀಳಲಿಲ್ಲ. ತಟ್ಟೆಯಲ್ಲಿಟ್ಟು ಬಿಡಿಯಾಗಿ ಮಾರುವ ಸಿಹಿಗೆ ಯಾವ ದಿನದೊಳಗೆ ತಿನ್ನಬೇಕು ಅಂತ ಬರೆದಿಡುವುದು 2020ರ ಅಕ್ಟೋಬರ್‌ನಿಂದ ಎರಡೂ ಕಡೆ ಕಡ್ಡಾಯ. ತಕ್ಕಡಿಯನ್ನು ಅಲ್ಲೇ ಕೊಂಡು ಅಲ್ಲೇ ಸೀಲ್ ಹಾಕಿಸಿದೆ.

ಬೋರ್ಡಿನ ವಿಷಯ ಬೆಳಗಾವಿ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ನಮ್ಮ ಬೋರ್ಡಿನಲ್ಲಿ 60% ಕನ್ನಡ, ಅದೂ ಮೇಲ್ಭಾಗದಲ್ಲಿ. ಅಲ್ಲಿ ಮರಾಠಿ ಮೊದಲು ಬರಬೇಕು, ಬೇರೆ ಭಾಷೆಯ ಅಕ್ಷರ ಅದಕ್ಕಿಂತ ದೊಡ್ಡದಿರಬಾರದು. ಪೇಂಟರ್‌ಗೆ ಅಳತೆ ಹಾಳೆಯ ಮೇಲೆ ಬರೆದುಕೊಟ್ಟೆ: ಮೇಲೆ ದೊಡ್ಡದಾಗಿ ಮರಾಠಿ, ಕೆಳಗೆ ಚಿಕ್ಕದಾಗಿ ಕನ್ನಡ. ಆ ಊರಿನ ಜನರ ಮಧ್ಯೆ ವ್ಯಾಪಾರ ಮಾಡುವಾಗ ಅವರ ಭಾಷೆಗೆ ಮೊದಲ ಜಾಗ ಕೊಡುವುದನ್ನು ನಾನು ಮನಸಾರೆ ಒಪ್ಪುತ್ತೇನೆ.

ಕೆಲಸಗಾರರು ಕಡಿಮೆ ಇದ್ದರೆ ಅಲ್ಲಿನ 2017ರ ಶಾಪ್ ಆಕ್ಟಿನಲ್ಲಿ ಆನ್‌ಲೈನ್ ಮಾಹಿತಿ ಕೊಟ್ಟರೆ ಸಾಕು, ಅದು ಸುಲಭ. ವೃತ್ತಿ ತೆರಿಗೆ ಮಾತ್ರ ಮುಂಚೆಯೇ ಮಾತಾಡಿಕೊಳ್ಳಬೇಕಾದ ವಿಷಯ. ಕರ್ನಾಟಕದಲ್ಲಿ ಸಂಬಳ 25,000 ಮುಟ್ಟುವವರೆಗೆ ಕಡಿತ ಇಲ್ಲ. ಮಹಾರಾಷ್ಟ್ರದಲ್ಲಿ ಗಂಡಸರಿಗೆ 10,000 ದಾಟಿದರೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300. ಹೆಣ್ಣುಮಕ್ಕಳಿಗೆ 25,000ದವರೆಗೆ ಇಲ್ಲ. ಗೋಕಾಕದಿಂದ ಅಲ್ಲಿಗೆ ಹೋಗುವ ಹುಡುಗರು ಅದೇ ಸಂಬಳದಲ್ಲಿ ಕೈಗೆ ಕಡಿಮೆ ಬಂತು ಅಂತ ನೊಂದುಕೊಳ್ಳಬಾರದು. ಅದಕ್ಕೆ ಅಷ್ಟನ್ನು ಸಂಬಳಕ್ಕೇ ಸೇರಿಸಿ, ಕಡಿತ ಎಷ್ಟು ಅಂತ ಕೆಲಸದ ಪತ್ರದಲ್ಲಿ ಕನ್ನಡದಲ್ಲೇ ಬರೆದುಕೊಟ್ಟೆವು.